ಊರ ಋಣ

ಡಿಗ್ರಿ ಮುಗಿಸಿ ರಾಯಚೂರಿನಿಂದ ಊರಿಗೆ ಬಂದಾಗ ಹಿರಿಯರೊಬ್ಬರು ಹೇಳಿದರು: 'ಓದಿದ್ರೆಪಾ, ಛಲೋ ಆತು. ಊರ ಋಣ ಮರೀಬ್ಯಾಡ್ರಿ.'

ಯಾವ ಊರು? ನಮ್ಮ ಎರೆಸೀಮೆಯಲ್ಲಿ ಊರು ಬೇರೆ, ಕೇರಿ ಬೇರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಅಜ್ಞಾನದ ಗವಿ ಎಂದಾಗ ಹಲವರಿಗೆ ಸಿಟ್ಟು ಬಂತು. ಅವರಲ್ಲಿ ಎಷ್ಟು ಮಂದಿ ಕೇರಿಯಲ್ಲಿ ಹುಟ್ಟಿದವರು?

ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ಬಂತು, ತುಂಗಭದ್ರಾ ಎಡದಂಡೆ ಮಾನ್ವಿಗೆ. ಹೊಲ ಇದ್ದವರಿಗೆ ಭತ್ತ, ನಮ್ಮವ್ವಂದಿರಿಗೆ ನಾಟಿ ಕೂಲಿ. ಅಲಾಯಿ ಬಂದರೆ ನಮ್ಮಪ್ಪಂದಿರ ಹಲಗೆ ಬೇಕು. ಹಲಗೆ ಸದ್ದು ಊರೊಳಗೆಲ್ಲಾ ಹೋಗ್ತದ, ಬಡಿದ ಕೈಗೆ ಹೋಟೆಲಿನಾಗ ಬ್ಯಾರೆ ಲೋಟ. ಬ್ಯಾಸಗಿಗೆ ಅರ್ಧ ಕೇರಿ ಬೆಂಗಳೂರಿಗೆ ಗುಳೆ. ಹಿಂಗಿದ್ದಾಗ ಯಾರ ಋಣ ಯಾರ ಮ್ಯಾಲ?

ಆದರೆ ಸುಳ್ಳು ಹೇಳಬಾರದು. ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಮಲಗಿದಾಗ ನಮಗೂ ಊರು ನೆನಪಾಗ್ತದ: ಮೊದಲ ಮಳೆಗೆ ಎರೆಹೊಲದ ವಾಸನೆ, ಜೋಳದ ರೊಟ್ಟಿ, ಪುಂಡಿಪಲ್ಲೆ. ಒಂದು ಗುಂಟೆಯೂ ನಮ್ಮದಲ್ಲದ ಆ ನೆಲಕ್ಕೆ ಮನಸ್ಸು ಯಾಕೆ ಎಳೀತದ? ಇದು ಋಣವೋ, ಬರೇ ರೂಢಿಯೋ, ನಮ್ಮ ನಮ್ಮಲ್ಲೇ ಜಗಳವಿದೆ.

ಮುಂದಿನ ಅಲಾಯಿಗೆ ಊರಿಗೆ ಹೋಗ್ತೀವಿ. ಹಲಗೆ ಮುಟ್ಟಂಗಿಲ್ಲ. ಹೋಟೆಲಿನ ಬೆಂಚಿನ ಮ್ಯಾಲೆ ಕುಂತು ಚಾ ಕೇಳ್ತೀವಿ.