ಬಿಟ್ಟುಕೊಟ್ಟದ್ದು ತ್ಯಾಗವೋ, ತೀರಿಸಿದ ಸಾಲವೋ?

ಕೈಯಲ್ಲಿರುವ ಅಧಿಕಾರವನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ ಎಂಬುದು ಇತಿಹಾಸ ನಮಗೆ ಕಲಿಸಿದ ಪಾಠ. ಅದರಲ್ಲೂ ಆ ಅಧಿಕಾರ ಹುಟ್ಟಿನಿಂದ ಬಂದದ್ದಾದರೆ, ಹೊಂದಿದವರಿಗೆ ಅದು ಅಧಿಕಾರವೆಂದೇ ತೋರುವುದಿಲ್ಲ. ಗಾಳಿ ಬೆಳಕಿನಂತೆ ಸಹಜವೆಂದು ತೋರುತ್ತದೆ. ಹೀಗಿರುವಾಗ ಒಂದು ದೇಶದ ಕುಲೀನ ವರ್ಗ ಸಭೆ ಸೇರಿ, ದಿನಗಟ್ಟಲೆ ಚರ್ಚಿಸಿ, ಮತ ಹಾಕಿ, ತನ್ನ ರಾಜಕೀಯ ಹಕ್ಕನ್ನು ತಾನೇ ರದ್ದುಪಡಿಸಿತೆಂದರೆ ಅಚ್ಚರಿಯಾಗುತ್ತದೆ.

ಸ್ವೀಡನ್ನಿನಲ್ಲಿ ಇದು ನಡೆಯಿತು. 1865ರ ಡಿಸೆಂಬರ್ 7ರಂದು ಸ್ಟಾಕ್‌ಹೋಮ್‌ನ ಕುಲೀನರ ಸಭಾಭವನದಲ್ಲಿ 361 ಮಂದಿ ಪರವಾಗಿಯೂ 294 ಮಂದಿ ವಿರುದ್ಧವಾಗಿಯೂ ಮತ ಹಾಕಿದರು. ಕುಲೀನರು, ಪಾದ್ರಿಗಳು, ಪಟ್ಟಣಿಗರು, ರೈತರು ಎಂಬ ನಾಲ್ಕು ವರ್ಗಗಳು ಬೇರೆ ಬೇರೆಯಾಗಿ ಕುಳಿತು ನಡೆಸುತ್ತಿದ್ದ ಹಳೆಯ ಸಂಸತ್ತು ಕೊನೆಗೊಂಡು, ಎರಡು ಸದನಗಳ ಚುನಾಯಿತ ಸಂಸತ್ತಿಗೆ ದಾರಿಯಾಯಿತು. ಆವರೆಗೆ ಪ್ರತಿಯೊಂದು ಕುಲೀನ ಮನೆತನದ ಹಿರಿಯನಿಗೆ ಹುಟ್ಟಿನಿಂದಲೇ ಅಲ್ಲಿ ಆಸನವಿತ್ತು. ಮಸೂದೆಯನ್ನು ರೂಪಿಸಿದ ನ್ಯಾಯಮಂತ್ರಿ ಲೂಯಿ ದೆ ಯೇರ್ ಸ್ವತಃ ಬ್ಯಾರನ್ ಆಗಿದ್ದರು. ಇದನ್ನು ನಾವು ಏನೆಂದು ಕರೆಯಬೇಕು? ತ್ಯಾಗವೆಂದೇ, ಭಯವೆಂದೇ, ಅಥವಾ ಎಂದೋ ತೀರಿಸಬೇಕಾಗಿದ್ದ ಸಾಲವೆಂದೇ?

ಉತ್ತರ ಹುಡುಕುವ ಮೊದಲು ಈ ಹಕ್ಕು ಹುಟ್ಟಿದ ಬಗೆಯನ್ನು ನೋಡಬೇಕು. 1280ರ ಸುಮಾರಿಗೆ ರಾಜ ಮಾಗ್ನುಸ್ ಒಂದು ಶಾಸನ ಹೊರಡಿಸಿದ. ಕುದುರೆ, ಕವಚ, ಆಯುಧಗಳೊಂದಿಗೆ ರಾಜಸೇವೆಗೆ ನಿಲ್ಲುವವನಿಗೆ ತೆರಿಗೆಯಿಂದ ವಿನಾಯಿತಿ ಎಂಬುದು ಅದರ ತಿರುಳು. ಅದೇ ಶಾಸನ, ದೊಡ್ಡವರು ಪ್ರಯಾಣದ ನೆಪದಲ್ಲಿ ರೈತನ ಮನೆಗೆ ನುಗ್ಗಿ, ಉಂಡು, ಕುದುರೆಗೂ ಮೇವು ಹಾಕಿಸಿಕೊಂಡು ಹಣ ಕೊಡದೆ ಹೋಗುವುದನ್ನು ನಿಷೇಧಿಸಿತು. ಈ ರಾಜನಿಗೆ 'ಕೊಟ್ಟಿಗೆಯ ಬೀಗ' ಎಂಬರ್ಥದ ಅಡ್ಡಹೆಸರು ಬಂದದ್ದು ಇದರಿಂದಲೇ ಎಂಬ ಜನಪ್ರಿಯ ವಿವರಣೆಯಿದೆ. ಅಂದರೆ ಕುಲೀನರ ಹಕ್ಕು ಮೊದಲಿಗೆ ರಕ್ತದ ಮಹಿಮೆಯಾಗಿರಲಿಲ್ಲ, ಒಂದು ಕರಾರಾಗಿತ್ತು: ಸೇವೆ ಸಲ್ಲಿಸು, ವಿನಾಯಿತಿ ಪಡೆ, ರೈತನ ಕಣಜಕ್ಕೆ ಕೈ ಹಾಕಬೇಡ.

ಕಾಲ ಕಳೆದಂತೆ ಸೇವೆಯ ಹೊರೆ ಹಗುರವಾಯಿತು, ವಿನಾಯಿತಿ ಮಾತ್ರ ಭಾರವಾಯಿತು. 17ನೆಯ ಶತಮಾನದ ಆರಂಭದಲ್ಲಿ ಉನ್ನತ ಹುದ್ದೆಗಳು ಕುಲೀನರಿಗೇ ಮೀಸಲಾದವು. 1626ರಲ್ಲಿ ಅವರ ಸಭೆಗೆ ವಿಧಿಬದ್ಧ ರೂಪ ಬಂತು. ಯುದ್ಧಗಳ ಖರ್ಚಿಗಾಗಿ ಸಿಂಹಾಸನವು ಭೂಮಿಯನ್ನೂ ಕಂದಾಯದ ಹಕ್ಕನ್ನೂ ಅವರಿಗೆ ಮಾರಿತು, ಉಂಬಳಿಯಾಗಿಯೂ ಕೊಟ್ಟಿತು. ಆ ಶತಮಾನದ ನಡುವಿನ ಹೊತ್ತಿಗೆ, ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲದ ಈ ವರ್ಗದ ಹಿಡಿತದಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಕೃಷಿಭೂಮಿ ಸೇರಿತ್ತು. ತಾವೂ ಬಾಲ್ಟಿಕ್ ತೀರದ ಲಿವೋನಿಯಾದ ರೈತರಂತೆ ಜೀತದ ಒಕ್ಕಲುಗಳಾಗಿಬಿಡುತ್ತೇವೆ ಎಂಬ ಭಯ ಸ್ವೀಡನ್ನಿನ ರೈತರನ್ನು ಕಾಡಿತು.

ಆದರೆ ಅವರಿಗೆ ಬೇರೆಡೆಯ ರೈತರಿಗಿಲ್ಲದ ಒಂದು ಸೌಲಭ್ಯವಿತ್ತು. ಸಂಸತ್ತಿನಲ್ಲಿ ಅವರದೇ ಒಂದು ವರ್ಗ ಕುಳಿತಿತ್ತು. ಸ್ವಂತ ಭೂಮಿಯ ರೈತರೂ ಸಿಂಹಾಸನದ ಭೂಮಿಯ ಒಕ್ಕಲುಗಳೂ ಅಲ್ಲಿಗೆ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದರು. ಕುಲೀನರ ಒಕ್ಕಲುಗಳಿಗೆ ಈ ಹಕ್ಕಿರಲಿಲ್ಲ, ನಿಜ. ಆದರೂ 1650ರಲ್ಲಿ ಪಾದ್ರಿಗಳು, ಪಟ್ಟಣಿಗರು, ರೈತರು ಒಂದಾಗಿ, ಕುಲೀನರ ಪಾಲಾದ ಭೂಮಿಯನ್ನು ಹಿಂದಕ್ಕೆ ಪಡೆಯಬೇಕೆಂದು ಒತ್ತಾಯಿಸಿದರು. 30 ವರ್ಷಗಳ ನಂತರ, 1680ರಲ್ಲಿ, ರಾಜ 11ನೆಯ ಕಾರ್ಲ್ ಅದನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯಗತ ಮಾಡಿದ. ಕೆಳಸ್ತರದ ಕುಲೀನರೇ ಅವನಿಗೆ ಬೆಂಬಲ ಕೊಟ್ಟರೆಂಬುದೂ ಗಮನಾರ್ಹ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕುಲೀನರು ಬರೀ ಭೂಮಿ ನುಂಗಿದವರಲ್ಲ. 1718ರಲ್ಲಿ 12ನೆಯ ಕಾರ್ಲ್ ಸತ್ತ ಮೇಲೆ ರಾಜನ ನಿರಂಕುಶಾಧಿಕಾರಕ್ಕೆ ಕಡಿವಾಣ ಹಾಕಿದ್ದು ಅವರು ಮುಂಚೂಣಿಯಲ್ಲಿದ್ದ ಸಂಸತ್ತು. ಮುದ್ರಣ ಸ್ವಾತಂತ್ರ್ಯದ 1766ರ ಕಾನೂನು ಬಂದದ್ದೂ ಆ ಕಾಲದಲ್ಲಿಯೇ. 1789ರಲ್ಲಿ 3ನೆಯ ಗುಸ್ತಾವ್ ಕುಲೀನರ ಹಲವು ವಿಶೇಷ ಹಕ್ಕುಗಳನ್ನು ಕಿತ್ತುಕೊಂಡು, ರೈತರಿಗೆ ಭೂಮಿ ಕೊಳ್ಳುವ ಹಕ್ಕನ್ನು ವಿಸ್ತರಿಸಿದ. ಆದರೆ ಅದೇ ಕಾನೂನಿನಿಂದ ತನ್ನ ಅಧಿಕಾರವನ್ನೂ ಬಹುಪಾಲು ನಿರಂಕುಶವಾಗಿಸಿಕೊಂಡ. 1792ರ ಮಾರ್ಚ್‌ನಲ್ಲಿ ಮುಖವಾಡದ ನೃತ್ಯಕೂಟದಲ್ಲಿ ಅವನಿಗೆ ಗುಂಡಿಟ್ಟ ಆಂಕರ್‌ಸ್ಟ್ರೋಮ್ ಕುಲೀನ ಮನೆತನದವನು. ಆ ಸಂಚುಕೋರರು ಕಾಪಾಡಲು ಹೊರಟದ್ದು ಸ್ವಾತಂತ್ರ್ಯವನ್ನೋ, ಸವಲತ್ತನ್ನೋ? ಎರಡನ್ನೂ ಎನ್ನಬೇಕಾಗುತ್ತದೆ. ತನ್ನ ಲಾಭವನ್ನೂ ನಾಡಿನ ಹಿತವನ್ನೂ ಒಂದೇ ಹೆಸರಿನಿಂದ ಕರೆಯುವ ಅಭ್ಯಾಸ ಎಲ್ಲ ಕಾಲದ ಬಲಶಾಲಿಗಳಿಗೂ ಇದೆ.

ನೆರೆಯ ದೇಶಗಳನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಡೆನ್ಮಾರ್ಕಿನಲ್ಲಿ 1660ರಲ್ಲಿ ರಾಜನು ಪಟ್ಟಣಿಗರ ಮತ್ತು ಪಾದ್ರಿಗಳ ನೆರವಿನಿಂದ ಕುಲೀನರ ರಾಜಕೀಯ ಬಲವನ್ನು ಮುರಿದು ನಿರಂಕುಶ ಪ್ರಭುತ್ವ ಸ್ಥಾಪಿಸಿದ. ಆ ಸಭೆಯಲ್ಲಿ ರೈತರಿರಲಿಲ್ಲ. ಪರಿಣಾಮವೇನು? 1733ರಲ್ಲಿ ಅದೇ ಪ್ರಭುತ್ವ, ರೈತಕುಲದ ಗಂಡಸರು ತಾವು ಹುಟ್ಟಿದ ಜಹಗೀರನ್ನು ಬಿಟ್ಟು ಹೋಗಬಾರದೆಂದು ಕಟ್ಟು ಹಾಕಿತು. ಅದು ರದ್ದಾಗಲು 1788ರವರೆಗೆ ಕಾಯಬೇಕಾಯಿತು. ಬಾಲ್ಟಿಕ್ ತೀರದಲ್ಲಿ, ರಷ್ಯಾದ ಚಕ್ರಾಧಿಪತ್ಯದ ಅಡಿಯಲ್ಲಿ, ಜರ್ಮನ್ ಮೂಲದ ಕುಲೀನರ ಸಭೆಗಳೇ ಸ್ಥಳೀಯ ಆಡಳಿತ ನಡೆಸುತ್ತಿದ್ದವು. 1816 ಮತ್ತು 1819ರ ನಡುವೆ ಅಲ್ಲಿ ಜೀತ ರದ್ದಾಯಿತು, ಆದರೆ ಭೂಮಿ ದಣಿಗಳ ಬಳಿಯೇ ಉಳಿಯಿತು. ದೇಹಕ್ಕೆ ಬಿಡುಗಡೆ, ಹೊಟ್ಟೆಗೆ ಅದೇ ದಣಿಯ ಅಂಗಳ. ಕೊನೆಗೆ 1919ರಲ್ಲಿ ಸ್ವತಂತ್ರ ಎಸ್ಟೋನಿಯಾ, ಮರುವರ್ಷ ಲಾಟ್ವಿಯಾ, ಭೂಸುಧಾರಣೆಯ ಮೂಲಕ ಆ ಜಮೀನುಗಳಲ್ಲಿ ಬಹುಪಾಲನ್ನು ವಶಪಡಿಸಿಕೊಂಡವು. ನಾರ್ವೆಯಲ್ಲಿ ಕುಲೀನ ವರ್ಗವೇ ದುರ್ಬಲವಾಗಿತ್ತು. ರಾಜ ಎರಡು ಸಲ ತಡೆದರೂ ಅಲ್ಲಿನ ಸಂಸತ್ತು ಮೂರನೆಯ ಸಲ, 1821ರಲ್ಲಿ, ಕುಲೀನತೆಯನ್ನು ರದ್ದುಮಾಡುವ ಕಾನೂನು ತಂದಿತು. ಬದುಕಿದ್ದವರಿಗೆ ಬಿರುದು ಆಜೀವ ಉಳಿಯಿತು, ಮುಂದಿನ ಪೀಳಿಗೆಗೆ ದಾಟಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. 1865ರ ಆ 361 ಮಂದಿಯನ್ನು ಹೊಗಳಬೇಕೆ? ಸಂಶಯಿಸುವವರಿಗೆ ಆಧಾರವಿದೆ. ಸುಧಾರಣೆಗೆ ದೇಶದಾದ್ಯಂತ ಬೆಂಬಲವಿತ್ತು. ತಡೆದರೆ ಕೆಟ್ಟದ್ದಾದೀತೆಂಬ ಅಂಜಿಕೆ ಇತ್ತು. ಅಲ್ಲದೆ ಹೊಸ ಸಂಸತ್ತಿನ ಮೇಲ್ಮನೆಗೆ ದೊಡ್ಡ ಆಸ್ತಿ ಅಥವಾ ದೊಡ್ಡ ಆದಾಯ ಇರುವವರು ಮಾತ್ರ ಆರಿಸಿ ಬರಬಹುದಿತ್ತು. ಕುಲೀನರಲ್ಲಿ ಅನೇಕರು ಈ ಬಾಗಿಲಿನಿಂದ ಒಳಗೆ ಬಂದರು. ಸ್ಥಳೀಯ ಚುನಾವಣೆಗಳಲ್ಲಿ ಆದಾಯ ಹೆಚ್ಚಿದಷ್ಟೂ ಮತಗಳ ಸಂಖ್ಯೆ ಹೆಚ್ಚುತ್ತಿತ್ತು. ಒಬ್ಬನೇ ಸಿರಿವಂತನ ಕೈಯಲ್ಲಿ ಊರಿನ ಬಹುಮತವಿದ್ದ ಗ್ರಾಮಗಳೂ ಇದ್ದವು. ಹೆಂಗಸರು ಸಂಸತ್ತಿನ ಚುನಾವಣೆಯಲ್ಲಿ ಮೊದಲ ಬಾರಿ ಮತ ಹಾಕಿದ್ದು 1921ರಲ್ಲಿ. ಹುಟ್ಟಿನ ಜಾಗದಲ್ಲಿ ಹಣ ಬಂದು ಕುಳಿತದ್ದಷ್ಟೇ ಎಂದು ಯಾರಾದರೂ ಹೇಳಿದರೆ ಪೂರ್ತಿ ತಳ್ಳಿಹಾಕಲಾಗದು.

ಆದರೂ ಉದ್ದೇಶ ಶುದ್ಧವಾಗಿತ್ತೇ ಎಂಬ ಒಂದೇ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ. ಮನುಷ್ಯನ ಉದ್ದೇಶಗಳು ಯಾವಾಗಲೂ ಬೆರಕೆಯೇ. ಕುಲೀನ ಮನೆಯಲ್ಲಿ ಹುಟ್ಟಿದ ಮಗು ಯಾವ ಅಪರಾಧವನ್ನೂ ಮಾಡಿಲ್ಲ. ಅಜ್ಜ ಕಬಳಿಸಿದ ಭೂಮಿಗೆ ಮೊಮ್ಮಗ ಅಪರಾಧಿಯಲ್ಲ. ಆದರೆ ಆ ಭೂಮಿಯನ್ನು, ಆ ಆಸನವನ್ನು ಅವನು ಇಂದು ಹಿಡಿದಿಟ್ಟುಕೊಂಡಿದ್ದರೆ, ಯಾಕೆ ಹಿಡಿದಿದ್ದೀಯೆ ಎಂಬ ಪ್ರಶ್ನೆಗೆ ಅವನು ಉತ್ತರ ಕೊಡಬೇಕು. ಸೇವೆಗೆ ಪ್ರತಿಯಾಗಿ ಸಿಕ್ಕಿದ ಸವಲತ್ತು, ಸೇವೆ ನಿಂತ ದಿನವೇ ಸಾಲವಾಯಿತು. ಸಾಲ ತೀರಿಸಿದವನನ್ನು ಪ್ರಾಮಾಣಿಕನೆಂದು ಗೌರವಿಸಬಹುದು, ದಾನಿಯೆಂದು ಕೊಂಡಾಡಬೇಕಾಗಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಪ್ರಶ್ನೆ ಕೇಳುವವನು ಎದುರಿಗೆ ಕುಳಿತಿದ್ದಲ್ಲಿ ಆತ್ಮಸಾಕ್ಷಿಗೆ ಬೇಗ ಎಚ್ಚರವಾಗುತ್ತದೆ. ಸ್ವೀಡನ್ನಿನ ಕುಲೀನರು ಬಾಲ್ಟಿಕ್ ಕುಲೀನರಿಗಿಂತ ಹುಟ್ಟಾ ಸಜ್ಜನರೇನಲ್ಲ. 17ನೆಯ ಶತಮಾನದಲ್ಲಿ ಲಿವೋನಿಯಾ ಸ್ವೀಡನ್ನಿನ ಆಳ್ವಿಕೆಗೆ ಬಂದಾಗ ಅವರಲ್ಲೇ ಕೆಲವರು ಅಲ್ಲಿ ದೊಡ್ಡ ಜಹಗೀರುದಾರರಾಗಿದ್ದರು. ವ್ಯತ್ಯಾಸ ಇದ್ದದ್ದು ರಕ್ತದಲ್ಲಲ್ಲ, ಸಭೆಯಲ್ಲಿ. ಒಂದು ಕಡೆ ರೈತನಿಗೆ ಎದ್ದುನಿಂತು ಮಾತನಾಡುವ ಜಾಗವಿತ್ತು, ಇನ್ನೊಂದು ಕಡೆ ಅವನ ಪರವಾಗಿ ಅವನ ದಣಿಯೇ ಮಾತನಾಡುತ್ತಿದ್ದ. ಆದ್ದರಿಂದ ದೊಡ್ಡವರ ಒಳ್ಳೆಯತನವನ್ನು ಕಾಯುತ್ತ ಕುಳಿತುಕೊಳ್ಳುವ ಸಮಾಜಕ್ಕಿಂತ, ಚಿಕ್ಕವರಿಗೆ ಆಸನ ಒದಗಿಸುವ ಸಮಾಜವೇ ದೊಡ್ಡವರನ್ನೂ ಒಳ್ಳೆಯವರನ್ನಾಗಿ ಮಾಡುತ್ತದೆ.

ಸ್ವೀಡನ್ನಿನ ಕುಲೀನರಿಗಿದ್ದ ಕೊನೆಯ ಔಪಚಾರಿಕ ಸವಲತ್ತುಗಳು 2003ರಲ್ಲಿ ಕಾನೂನಿನಿಂದ ಅಳಿದವು. ಸ್ಟಾಕ್‌ಹೋಮ್‌ನ ಆ ಸಭಾಭವನ ಈಗಲೂ ಇದೆ. ಗೋಡೆಗಳ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಮನೆತನಗಳ ಲಾಂಛನಗಳು ತೂಗುತ್ತಿವೆ, ನೋಡಲು ಜನ ಬರುತ್ತಾರೆ. ಅವುಗಳನ್ನು ಕಂಡು ಹಳಬರನ್ನು ದೂರುವುದು ಸುಲಭ. ನಮ್ಮ ಕಾಲದಲ್ಲಿ ಲಾಂಛನವಿಲ್ಲದ ಕುಲೀನತೆಗಳಿವೆ: ಆಸ್ತಿಯಿಂದ, ಕುಟುಂಬದ ಹೆಸರಿನಿಂದ, ದೊಡ್ಡವರ ಪರಿಚಯದಿಂದ ಬಂದವು. ಇವುಗಳಲ್ಲಿ ಯಾವುದೊಂದು ನಮ್ಮ ಕೈಯಲ್ಲಿದ್ದರೂ, ಅದು ಯಾವ ಸೇವೆಗೆ ಸಿಕ್ಕಿದ ಪ್ರತಿಫಲ, ಆ ಸೇವೆ ಇನ್ನೂ ನಡೆಯುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕು. ಹಾಗೆ ನಮ್ಮನ್ನು ಕೇಳಬಲ್ಲ ಬೇರೊಬ್ಬರಿಗೂ ಎದುರಿನಲ್ಲಿ ಒಂದು ಆಸನ ಇಡಬೇಕು.