ಮನೆಯ ಗಾಡಿ, ಮಕ್ಕಳ ಸಂಕೋಚ

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕೆಲವು ತಿಂಗಳಿಂದ ಶಾಲೆಯ ಬಾಗಿಲವರೆಗೆ ನನ್ನೊಡನೆ ಬರುವುದನ್ನು ಬಿಟ್ಟಿದ್ದಾಳೆ. ಬಂಗಾರಪೇಟೆಯ ಒಂದು ತಿರುವು ಬಂದೊಡನೆ, “ಅಪ್ಪಾ, ಇಲ್ಲೇ ನಿಲ್ಸಿ, ನಡ್ಕೊಂಡು ಹೋಗ್ತೀನಿ” ಎನ್ನುತ್ತಾಳೆ. ಶಾಲೆ ಅಲ್ಲಿಂದ ಇನ್ನೂರು ಗಜ. ನಡಿಗೆ ದೇಹಕ್ಕೆ ಒಳ್ಳೆಯದೆಂದು ಅವಳು ಇಳಿಯುತ್ತಿಲ್ಲ ಎಂಬುದು ನನಗೆ ಗೊತ್ತು. ನನಗೆ ಗೊತ್ತೆಂಬುದು ಅವಳಿಗೂ ಗೊತ್ತು. ನಮ್ಮದು ವ್ಯಾನು: ಪಕ್ಕಕ್ಕೆ ಜಾರುವ ಬಾಗಿಲಿನ, ಡಬ್ಬಿಯಂಥ ಗಾಡಿ. ಅವಳ ಗೆಳತಿಯರಲ್ಲಿ ಕೆಲವರು ಕಾರಿನಿಂದ ಇಳಿಯುತ್ತಾರೆ, ಕೆಲವರು ಅಪ್ಪನ ಸ್ಕೂಟರಿನಿಂದ. ನಡೆದು ಬರುವವರೂ ಇದ್ದಾರೆ. ಇದಾವುದಕ್ಕೂ ಯಾರೂ ಮುದುಡಿಕೊಳ್ಳುವುದಿಲ್ಲ. ವ್ಯಾನಿಗೆ ಮಾತ್ರ ಈ ಅವಸ್ಥೆ.

ಇಷ್ಟು ಸಣ್ಣ ಸಂಗತಿಗೆ ಧರ್ಮವಿಚಾರವೇಕೆ ಎಂದು ವಾಚಕರು ಕೇಳಬಹುದು. ದೊಡ್ಡ ಧರ್ಮಸಂಕಟಗಳು ನಮ್ಮಂಥವರ ಮನೆಗೆ ಬರುವುದು ಅಪರೂಪ. ಬರುವುದೆಲ್ಲ ಹೀಗೆಯೇ, ಇನ್ನೂರು ಗಜದ ಅಳತೆಯಲ್ಲಿ. ಮನೆಯ ಗಾಡಿಯನ್ನು ಕಂಡು ಮಕ್ಕಳು ನಾಚುವುದು ತಪ್ಪೆ? ತಪ್ಪಾದರೆ, ಅದು ಯಾರ ತಪ್ಪು?

ಮೊದಲು ಮಾತನ್ನು ಸರಿಮಾಡಿಕೊಳ್ಳೋಣ. ನಾಚಿಕೆ ಬೇರೆ, ಸಂಕೋಚ ಬೇರೆ. “ನಿನಗೆ ನಾಚಿಕೆಯಾಗುವುದಿಲ್ಲವೆ?” ಎಂದು ತಪ್ಪು ಮಾಡಿದವನನ್ನು ಕೇಳುತ್ತೇವೆ, “ಸಂಕೋಚ ಪಡಬೇಡಿ” ಎಂದು ಎಲೆಯ ಮುಂದೆ ಕುಳಿತ ಅತಿಥಿಗೆ ಹೇಳುತ್ತೇವೆ. ಒಂದು ಹುಟ್ಟುವುದು ನಾವು ಮಾಡಿದ್ದರಿಂದ. ಇನ್ನೊಂದು, ನಮ್ಮನ್ನು ಯಾರೋ ನೋಡುತ್ತಿದ್ದಾರೆಂಬ ಅರಿವಿನಿಂದ. ಹದಿನಾಲ್ಕು ವರ್ಷದ ಮಗು ತನ್ನ ಮನೆಯನ್ನು ಮೊದಲ ಸಲ ಹೊರಗಿನವರ ಕಣ್ಣಿನಿಂದ ನೋಡಲು ಕಲಿಯುತ್ತದೆ. ಅದುವರೆಗೆ ಮನೆಯೇ ಲೋಕವಾಗಿತ್ತು. ಈಗ ಅದು ಲೋಕದ ಅನೇಕ ಮನೆಗಳಲ್ಲಿ ಒಂದು. ಇದನ್ನು ಕೃತಘ್ನತೆ ಎಂದು ಕರೆದು ಗದರಿಸುವ ತಂದೆತಾಯಿಗಳಿದ್ದಾರೆ. ಹಲ್ಲು ಹುಟ್ಟುವಾಗ ಮಗು ಅತ್ತರೆ ಅದನ್ನು ಯಾರೂ ಅವಿಧೇಯತೆ ಎನ್ನುವುದಿಲ್ಲವಷ್ಟೆ.

ಆದರೂ ವ್ಯಾನಿಗೇ ಏಕೆ ಈ ಸಂಕೋಚ? ನಮ್ಮಲ್ಲಿ ಈ ಜಾತಿಯ ಗಾಡಿಯನ್ನು ಬೀದಿಬೀದಿಗೂ ಪರಿಚಯಿಸಿದ್ದು ಮಾರುತಿ. 1984ರಲ್ಲಿ ಬರಿಯ ‘ವ್ಯಾನ್’ ಎಂಬ ಹೆಸರಿನಿಂದ ಬಂದು, 1988ರಲ್ಲಿ ‘ಓಮ್ನಿ’ ಎನಿಸಿಕೊಂಡು, ಸುರಕ್ಷತೆಯ ಹೊಸ ನಿಯಮಗಳು ಬಂದಾಗ 2019ರಲ್ಲಿ ತಯಾರಿಕೆ ನಿಂತ ಗಾಡಿ ಅದು. 796 ಸಿ.ಸಿ.ಯ ಪುಟ್ಟ ಎಂಜಿನು ಮುಂದಿನ ಸೀಟಿನ ಕೆಳಗೇ ಇರುತ್ತಿತ್ತು. ಬೇಸಗೆಯಲ್ಲಿ ಅಲ್ಲಿ ಕುಳಿತವನಿಗೆ ಒಲೆಯ ಮೇಲೆ ಕುಳಿತ ಅನುಭವ. ಶಾಲೆಯ ಮಕ್ಕಳನ್ನೂ ತರಕಾರಿಯ ಮೂಟೆಯನ್ನೂ ಆಸ್ಪತ್ರೆಯ ರೋಗಿಯನ್ನೂ ಅದು ಸಮಭಾವದಿಂದ ಹೊತ್ತಿತು. ಸಿನಿಮಾದವರು ಅದಕ್ಕೆ ಇನ್ನೊಂದು ಉದ್ಯೋಗ ಕೊಟ್ಟರು: ಜನರನ್ನು ಅಪಹರಿಸಿಕೊಂಡು ಹೋಗುವುದು. ಖಳನ ಕಡೆಯವರೇ ಅದರಿಂದ ಧುಮುಕಿದರು. ನಾಯಕ ಅದರಿಂದ ಇಳಿದದ್ದನ್ನು ನಾನು ಕಂಡಿಲ್ಲ.

ಕಾರು ತನ್ನಲ್ಲಿ ಕುಳಿತವರನ್ನು ತೋರಿಸುತ್ತದೆ. ವ್ಯಾನು ಅವರ ಮನೆಯನ್ನೇ ತೋರಿಸುತ್ತದೆ. ಬಾಗಿಲು ಜರ್ರೆಂದು ಸರಿದೊಡನೆ ಅಜ್ಜಿಯ ಊರುಗೋಲು, ಗಿರಣಿಯಿಂದ ಬಂದ ರಾಗಿಹಿಟ್ಟಿನ ಚೀಲ, ತಮ್ಮನ ಅಳು, ಅತ್ತೆಯ ಮಗನ ಚಪ್ಪಲಿ, ಎಲ್ಲವೂ ಬಯಲು. ನಾವೆಷ್ಟು ಜನ, ಏನು ಉಣ್ಣುತ್ತೇವೆ, ಯಾರನ್ನು ಸಾಕುತ್ತೇವೆ ಎಂಬ ಲೆಕ್ಕವೆಲ್ಲ ಶಾಲೆಯ ಮುಂದೆ ತೆರೆದುಕೊಳ್ಳುತ್ತದೆ. ತಾನು ತಾನೇ ಆಗಬೇಕೆಂದು ಹಂಬಲಿಸುವ ವಯಸ್ಸಿಗೆ ಇದು ಕಷ್ಟ.

ಸಂಕೋಚ ಯಾರೆದುರಿಗೆ ಹುಟ್ಟುತ್ತದೆಂಬುದನ್ನು ನಾನು ತಿಳಿದದ್ದು ನಾನು ಹುಟ್ಟಿ ಬೆಳೆದ ಊರಿನಿಂದ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹದಿನಾರು ಕಿಲೋಮೀಟರಿನ ರೈಲುದಾರಿ 1894ರಲ್ಲಿ ತೆರೆದದ್ದು ಕೋಲಾರದ ಚಿನ್ನದ ಗಣಿಗಾಗಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದೂ ಗಣಿಗಾಗಿಯೇ. ಅಲ್ಲಿ ಒಂದು ಕಡೆ ಇಂಗ್ಲಿಷ್ ಸಾಹೇಬರ ಬಂಗಲೆಗಳು, ಇನ್ನೊಂದು ಕಡೆ ಕೂಲಿಗಾರರ ‘ಲೈನು’ಗಳು. ಎರಡರ ನಡುವೆ ಭೂಮ್ಯಾಕಾಶದ ಅಂತರ. ಆದರೂ ಲೈನಿನ ಮಕ್ಕಳು ಸಾಹೇಬರ ಮೋಟಾರನ್ನು ಕಂಡು ತಮ್ಮ ಅಪ್ಪಂದಿರ ಬಗ್ಗೆ ಸಂಕೋಚಪಟ್ಟರೆಂದು ನಾನು ಹಿರಿಯರಿಂದ ಕೇಳಿಲ್ಲ. ಮೋಟಾರು ಬಂದರೆ ಓಡಿಹೋಗಿ ನೋಡುವುದು, ಅದು ಮರೆಯಾದರೆ ಮತ್ತೆ ಗೋಲಿಯಾಟ. ಲೈನಿನೊಳಗೆ ಎಲ್ಲರ ಅಪ್ಪನೂ ಒಂದೇ ಸೈರನ್ನಿಗೆ ಏಳುತ್ತಿದ್ದ, ಒಂದೇ ಬಣ್ಣದ ಧೂಳು ಹೊತ್ತು ಮನೆಗೆ ಬರುತ್ತಿದ್ದ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಒಂದೇ ಕೆಲಸ ಮಾಡುತ್ತಿದ್ದ ಸಾವಿರಾರು ಜನ ಒಬ್ಬೊಬ್ಬರೂ ಬೇರೆ ಬೇರೆ ಕೆಲಸ ಹುಡುಕಬೇಕಾಯಿತು. ಕೆಲವರು ಇನ್ನೂ ಕತ್ತಲಿರುವಾಗಲೇ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋದರು. ಕೆಲವರು ಕಟ್ಟಡಗಳ ಬಾಗಿಲು ಕಾದರು. ಕೆಲವರು ಆಟೋ ಹಿಡಿದರು. ಪಕ್ಕದ ಮನೆಯವನ ಅಪ್ಪ ಏನಾದ, ನನ್ನ ಅಪ್ಪ ಏನಾದ ಎಂಬ ತಾರತಮ್ಯ ಆಗ ಲೈನಿನೊಳಗೆ ಕಾಲಿಟ್ಟಿತು. ಅದರ ಬೆನ್ನಿಗೇ ಸಂಕೋಚವೂ ಬಂತು. ನಾವು ಯಾರ ಅಭಿಪ್ರಾಯಕ್ಕೆ ಬೆಲೆ ಕೊಡುತ್ತೇವೋ ಅವರೆದುರಿಗೇ ನಾಚುತ್ತೇವೆ ಎಂಬರ್ಥದ ಮಾತನ್ನು ಅರಿಸ್ಟಾಟಲ್ ಬಹು ಹಿಂದೆಯೇ ಹೇಳಿದ್ದಾನೆ. ಅವನನ್ನು ಓದುವ ಮೊದಲೇ ಅದು ನನಗೆ ಗೊತ್ತಾಗಿತ್ತು.

ನನ್ನ ತಂದೆ ಇಪ್ಪತ್ತೆರಡು ವರ್ಷ ಗಣಿಯೊಳಗೆ ದುಡಿದವರು. ಗಣಿ ನಿಂತ ಮೇಲೆ ಕೈಗೆ ಬಂದ ಹಣದಲ್ಲಿ ಹಳೆಯ ಓಮ್ನಿಯೊಂದನ್ನು ಕೊಂಡು, ರಾಬರ್ಟ್‌ಸನ್‌ಪೇಟೆಯ ಶಾಲೆಗಳಿಗೆ ಮಕ್ಕಳನ್ನು ಕರೆದೊಯ್ಯತೊಡಗಿದರು. ಚಿಕ್ಕವರನ್ನೆಲ್ಲ ಇಳಿಸಿದ ಮೇಲೆ ಕೊನೆಗೆ ಉಳಿಯುತ್ತಿದ್ದವನು ನಾನು, ಆಗ ಪಿ.ಯು.ಸಿ. ಓದುತ್ತಿದ್ದೆ. ಒಂದು ದಿನ ಕಾಲೇಜಿನ ಮುಂದೆ ಇಳಿದಾಗ ಹೊಸದಾಗಿ ಸೇರಿದ್ದ ಸಹಪಾಠಿಯೊಬ್ಬ, “ಯಾರೋ ಅದು?” ಎಂದು ಕೇಳಿದ. “ವ್ಯಾನ್ ಡ್ರೈವರು” ಎಂದೆ. ಗಾಡಿಯ ಕಿಟಕಿ ತೆರೆದಿತ್ತು.

ನಾನು ಸುಳ್ಳಾಡಿರಲಿಲ್ಲ. ಅವರು ವ್ಯಾನ್ ಡ್ರೈವರೇ ಆಗಿದ್ದರು. ಸುಳ್ಳಾಗಿದ್ದರೆ ಎಂದೋ ಒಪ್ಪಿಕೊಂಡು ಹಗುರಾಗುತ್ತಿದ್ದೆನೇನೋ. ನಿಜವನ್ನೇ ಆಡಿ ಮನುಷ್ಯನನ್ನು ಅಲ್ಲಗಳೆಯಬಹುದೆಂದು ಅಂದು ತಿಳಿಯಿತು. ಮರುದಿನ ತಂದೆ ಕಾಲೇಜಿನವರೆಗೆ ಬರಲಿಲ್ಲ. ಮಾರ್ಕೆಟ್ಟಿನ ಮೂಲೆಯಲ್ಲಿ ಗಾಡಿ ನಿಲ್ಲಿಸಿ, “ಮುಂದೆ ಜನ ಜಾಸ್ತಿ, ಇಲ್ಲೇ ಇಳ್ಕೋಪ್ಪ” ಎಂದರು. ಕಾಲೇಜು ಮುಗಿಯುವವರೆಗೂ ಅದೇ ಮೂಲೆ. ಅದನ್ನು ನಾನು ಅನುಕೂಲವೆಂದೇ ಸ್ವೀಕರಿಸಿದೆ. ಭೂಮಿಯ ಆಳದಲ್ಲಿ ಬಂಡೆ ಕೊರೆದಿದ್ದ ಮನುಷ್ಯನಿಗೆ, ನಾಲ್ಕು ವರ್ಷದ ಕೂಸುಗಳ ಚೀಲ ಎತ್ತಿಡುವಾಗ ತನ್ನದೇ ಒಂದು ಸಂಕೋಚವಿದ್ದಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ತಂದೆತಾಯಿಗಳು ಸಂಕೋಚವನ್ನು ಮೀರಿದವರೆಂದು ಮಕ್ಕಳು ತಿಳಿದಿರುತ್ತಾರೆ.

ಈಗ ನನ್ನ ಸರದಿ. ಹಿರಿಯರು ಎರಡು ಉಪಾಯ ಹೇಳುತ್ತಾರೆ. ಒಂದು, ಗದರಿಸಿ ಬಾಗಿಲಲ್ಲೇ ಇಳಿಸು ಎಂಬುದು. ಕೃತಜ್ಞತೆ ಬಸ್ ಚಾರ್ಜಲ್ಲ, ಇಳಿಯುವ ಮೊದಲು ವಸೂಲು ಮಾಡುವುದಕ್ಕೆ. ಬಲವಂತವಾಗಿ ಬಾಗಿಲಲ್ಲಿ ಇಳಿದ ಮಗು ಗಾಡಿಯನ್ನು ಗೌರವಿಸುವುದಿಲ್ಲ. ಗಾಡಿಯ ಜೊತೆಗೆ ನನ್ನನ್ನೂ ದ್ವೇಷಿಸಲು ಕಲಿಯುತ್ತದೆ. ಇನ್ನೊಂದು, ಸಾಲ ಮಾಡಿಯಾದರೂ ಒಳ್ಳೆಯ ಕಾರು ತೆಗೆದುಕೋ ಎಂಬುದು. ಇದು ಹೆಚ್ಚು ಅಪಾಯದ ಉಪಾಯ. “ನೀನು ಪಟ್ಟ ಸಂಕೋಚ ನ್ಯಾಯವಾದದ್ದೇ, ನಮಗೂ ಒಳಗೊಳಗೆ ಹಾಗೆಯೇ ಅನಿಸುತ್ತಿತ್ತು” ಎಂದು ಮಗುವಿಗೆ ಬರೆದುಕೊಟ್ಟಂತೆ. ಮಕ್ಕಳು ಈ ವಿದ್ಯೆಯನ್ನು ಮೊದಲು ಕಲಿಯುವುದು ನಮ್ಮಿಂದಲೇ. ಮದುವೆಯ ಮನೆಗೆ ಹೋಗುವಾಗ ನೆಂಟರ ಕಾರು ಕೇಳಿ ಪಡೆಯುವವರು ನಾವೇ ಅಲ್ಲವೆ?

ನನಗೆ ತೋರುವುದು ಇಷ್ಟು. ವಸ್ತುವಿಗೆ ಸಂಕೋಚಪಡುವುದು ವಯಸ್ಸಿನ ಧರ್ಮ. ಅದಕ್ಕೆ ದಾರಿ ಬಿಡಬಹುದು. ಮನುಷ್ಯನನ್ನು ಮರೆಮಾಡುವುದು ಮಾತ್ರ ತಪ್ಪು. ಅಲ್ಲಿ ಸಂಕೋಚ ನಾಚಿಕೆಗೆ ತಿರುಗುತ್ತದೆ. ಆದರೆ ಗೆರೆ ಹೇಳಿದಷ್ಟು ಸುಲಭವಾಗಿ ಎಳೆಯಲು ಬರುವುದಿಲ್ಲ. ನನ್ನ ಮಗಳಿಗೆ ವ್ಯಾನು ಬರಿಯ ಅನುಕೂಲ. ಅದನ್ನು ಮರೆಮಾಡಿದರೆ ನನಗೇನೂ ಕಡಮೆಯಾಗುವುದಿಲ್ಲ. ನನ್ನ ತಂದೆಗೆ ವ್ಯಾನು ಅನ್ನವಾಗಿತ್ತು. ಅದನ್ನು ಮರೆಮಾಡಿದಾಗ ಮರೆಯಾದವರು ಅವರೇ. ಆದುದರಿಂದ ಪ್ರತಿಯೊಂದು ಮಗುವೂ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಈ ಗಾಡಿ ಚೆನ್ನಾಗಿದೆಯೆ?’ ಎಂಬುದಲ್ಲ, ‘ನಾನು ಹೀಗೆ ಇಳಿದು ಹೋದರೆ ಒಳಗೆ ಯಾರು ಉಳಿಯುತ್ತಾರೆ?’ ಎಂಬುದು.

ಕಳೆದ ತಿಂಗಳು ಮಗಳಿಗೆ ಮಾರ್ಕೆಟ್ಟಿನ ಮೂಲೆಯ ಕತೆಯನ್ನು ಹೇಳಿದೆ, ನೀತಿಯನ್ನು ಹೇಳಲಿಲ್ಲ. ಅವಳು ಕೇಳಿದ್ದು ಒಂದೇ: “ತಾತಂಗೆ ಕೇಳಿಸ್ತಾ?” ಕೇಳಿಸಿರಬೇಕು ಎಂದೆ. ಮಾರನೆಯ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೊರಟ ನನ್ನ ತಂದೆಯೂ ವ್ಯಾನಿನಲ್ಲಿದ್ದರು. ತಿರುವು ಬಂತು, ಮಗಳು ಎಂದಿನಂತೆ ಅಲ್ಲೇ ನಿಲ್ಲಿಸಲು ಹೇಳಿದಳು. ಬಾಗಿಲು ಸರಿಸುವಾಗ ಅವಳ ತರಗತಿಯ ಇಬ್ಬರು ಹುಡುಗಿಯರು ಎದುರಿಗೆ ಬಂದರು. “ನಮ್ಮ ತಾತ” ಎಂದು ಅವರಿಗೆ ಹೇಳಿ ಇಳಿದು ಹೋದಳು. ತಂದೆ ನನ್ನ ಕಡೆ ನೋಡಲಿಲ್ಲ. ಇನ್ನೂರು ಗಜವನ್ನು ಅವಳು ಈಗಲೂ ನಡೆದೇ ಹೋಗುತ್ತಾಳೆ. ನಡೆಯಲಿ.