ಗಾಲಿಯ ಮೇಲಿನ ಮನೆಯೂ ಶ್ರಾವಕನ ದಿಗ್ವ್ರತವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳನ್ನು ಜೈನ ಮನೆಗಳ ಚಿಕ್ಕ ಮಕ್ಕಳೂ ಎಣಿಸಿ ಹೇಳಬಲ್ಲರು. ಆ ಐದಕ್ಕೆ ಬೇಲಿಯಂತೆ ನಿಂತಿರುವ ಗುಣವ್ರತಗಳ ಮಾತು ಬಂದಾಗ ಮಾತ್ರ ದೊಡ್ಡವರೂ ತಡವರಿಸುವುದುಂಟು. ದಶದಿಕ್ಕುಗಳಿಗೆ ಮೇರೆಯನ್ನು ಗೊತ್ತುಮಾಡಿಕೊಂಡು, ಜೀವವಿರುವ ತನಕ ಆ ಮೇರೆಯನ್ನು ದಾಟೆನೆಂದು ನಿಶ್ಚಯಿಸುವುದು ದಿಗ್ವ್ರತ. ಆ ಮೇರೆಯೊಳಗೇ ಒಂದು ದಿನಕ್ಕೆ, ಒಂದು ಪಕ್ಷಕ್ಕೆ ಅಥವಾ ಒಂದು ತಿಂಗಳಿಗೆಂದು ಇನ್ನೂ ಸಂಕೋಚ ಮಾಡಿಕೊಳ್ಳುವುದು ದೇಶವ್ರತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಇವೆರಡನ್ನೂ ಗುಣವ್ರತಗಳ ಸಾಲಿನಲ್ಲಿಟ್ಟರೆ, ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡನೆಯದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಿಗೆ ಸೇರಿಸಿದ್ದಾರೆ. ಎಣಿಕೆಯಲ್ಲಿ ಭೇದವಿದ್ದರೂ ಅಭಿಪ್ರಾಯದಲ್ಲಿ ಭೇದವಿಲ್ಲ. ತಾನು ಹೋಗದ ಕಡೆ ತನ್ನಿಂದ ಹಿಂಸೆಯಿಲ್ಲ, ಲೋಭವಿಲ್ಲ. ಮೇರೆಯ ಆಚೆಗಿನ ಲೋಕದ ಪಾಲಿಗೆ ಗೃಹಸ್ಥನ ಅಣುವ್ರತವೂ ಮಹಾವ್ರತದಂತೆಯೇ ಆಗಿಬಿಡುತ್ತದೆ ಎಂಬುದು ಆಚಾರ್ಯರ ಆಶಯ.

ಎತ್ತಿನ ಬಂಡಿಯ ಕಾಲದಲ್ಲಿ ಈ ವ್ರತಕ್ಕೆ ದಾರಿಯೇ ಅರ್ಧ ಸಹಾಯಕವಾಗಿತ್ತು. ಎತ್ತು ದಣಿಯುತ್ತಿತ್ತು, ಹೊಳೆ ಅಡ್ಡ ಬರುತ್ತಿತ್ತು, ಮನೆಯ ನೆನಪು ಹಿಂದಕ್ಕೆಳೆಯುತ್ತಿತ್ತು. ಇಂದು ಮನೆಯೇ ಗಾಲಿಯ ಮೇಲೆ ಬಂದಿದೆ. ಮಲಗುವ ಮಂಚ, ಒಲೆ, ಪಾತ್ರೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವನ್ನೂ ಒಳಗೊಂಡ ಈ ವಾಹನಕ್ಕೆ ಕ್ಯಾರವಾನ್ ಎಂದು ಹೆಸರು. ಮಹಾರಾಷ್ಟ್ರ, ಕೇರಳ ಸರ್ಕಾರಗಳು 2021ರಲ್ಲಿ ಇಂತಹ ಪ್ರವಾಸಕ್ಕೆಂದೇ ನೀತಿಯನ್ನು ಪ್ರಕಟಿಸಿದವು. ಆಸ್ಟ್ರೇಲಿಯದ ದಕ್ಷಿಣದಲ್ಲಿ ಹಬ್ಬಿರುವ ನಲ್ಲರ್ಬೋರ್ ಎಂಬ ಮರವಿಲ್ಲದ ಬಯಲಿನಲ್ಲಿ ಹೆದ್ದಾರಿಯು 146 ಕಿಲೋಮೀಟರಿನಷ್ಟು ದೂರ ಒಂದೇ ಒಂದು ತಿರುವಿಲ್ಲದೆ ಸಾಗುತ್ತದೆ. ಕೆಲಸದಿಂದ ನಿವೃತ್ತರಾದ ಎಷ್ಟೋ ದಂಪತಿಗಳು ಅಲ್ಲಿ ತಿಂಗಳುಗಟ್ಟಲೆ ಇಂತಹ ಗಾಡಿಗಳಲ್ಲಿಯೇ ಸಂಚರಿಸುತ್ತಾರೆ. ಕ್ಯಾರವಾನ್ ಎಂಬ ಮಾತು ಪಾರಸಿಯ ಕಾರವಾನದಿಂದ ಬಂದದ್ದು. ಮರುಭೂಮಿಯನ್ನು ಒಟ್ಟಾಗಿ ದಾಟುವ ವರ್ತಕರ ತಂಡವೆಂದು ಅದರ ಮೂಲಾರ್ಥ. ನಮ್ಮ ಪುರಾಣಗಳ ಮಾತಿನಲ್ಲಿ ಹೇಳುವುದಾದರೆ ಸಾರ್ಥ. ಸಾರ್ಥದಲ್ಲಿ ಒಬ್ಬನ ನೀರು ಎಲ್ಲರ ನೀರಾಗಿತ್ತು. ಇಂದಿನ ಗಾಡಿಯಲ್ಲಿ ಇಬ್ಬರೇ ಇದ್ದಾರೆ. ನೀರೂ ಆ ಇಬ್ಬರದೇ. ಶಬ್ದವು ಉಳಿದು ಅರ್ಥವು ತಿರುವುಮುರುವಾದುದಕ್ಕೆ ಇದೊಂದು ನಿದರ್ಶನ.

ವಿಚಾರಕ್ಕೆ ಅನುಕೂಲವಾಗಲೆಂದು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಬೀದರ ಜಿಲ್ಲೆಯ ಕಮಲನಗರವು ಮೊದಲು ಔರಾದ ತಾಲೂಕಿಗೆ ಸೇರಿದ್ದು, ಈಗ ತಾನೇ ತಾಲೂಕಿನ ಮುಖ್ಯ ಸ್ಥಳವಾಗಿದೆ. ಅಲ್ಲಿಂದ ಉದಗೀರ, ಲಾತೂರುಗಳ ಮೇಲೆ ಹಾದು ಪಶ್ಚಿಮಕ್ಕೆ ಸಾಗಿದರೆ ಧಾರಾಶಿವ ಜಿಲ್ಲೆಯ ಕುಂಥಲಗಿರಿ ಸಿದ್ಧಕ್ಷೇತ್ರ ಸಿಗುತ್ತದೆ. ಕುಲಭೂಷಣ ದೇಶಭೂಷಣ ಮುನಿಗಳು ಮುಕ್ತಿ ಪಡೆದ ಗಿರಿ ಅದು. ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್ 18ರಂದು ಸಲ್ಲೇಖನಾಪೂರ್ವಕ ದೇಹತ್ಯಾಗ ಮಾಡಿದ ಸ್ಥಳವೂ ಅದೇ. ಕಮಲನಗರದ ಕಡೆಯ ವ್ರತಿಕ ದಂಪತಿಗಳು ಇಂತಹ ಗಾಡಿಯೊಂದರಲ್ಲಿ ವೈಶಾಖ ಮಾಸದಲ್ಲಿ ಅಲ್ಲಿಗೆ ಹೊರಟರೆನ್ನೋಣ. ಗೃಹಸ್ಥನ ದಿಗ್ವ್ರತಕ್ಕೆ ಉತ್ತರಕ್ಕೆ ಗೋದಾವರಿ, ದಕ್ಷಿಣಕ್ಕೆ ಕೃಷ್ಣೆ, ಪಶ್ಚಿಮಕ್ಕೆ ಕುಂಥಲಗಿರಿಯೇ ಮೇರೆ. ನದಿ, ಬೆಟ್ಟ, ಅಡವಿಗಳಂತಹ ಎಲ್ಲರೂ ಬಲ್ಲ ಗುರುತುಗಳನ್ನೇ ಮೇರೆಯಾಗಿ ಹಿಡಿಯಬೇಕೆಂಬುದು ಆಗಮೋಕ್ತ ಕ್ರಮ.

ಮೊದಲನೆಯ ಪ್ರಶ್ನೆ ಕುಂಥಲಗಿರಿಯಲ್ಲಿಯೇ ಏಳುತ್ತದೆ. ದರ್ಶನ ಮುಗಿದ ಮೇಲೆ ಗೃಹಸ್ಥನಿಗೆ ಒಂದು ಯೋಚನೆ ಬರುತ್ತದೆ: ಗಾಡಿ ಇದೆ, ಅಡುಗೆಯ ಮನೆ ಇದೆ, ಮಲಗುವ ಕೋಣೆ ಇದೆ, ಇನ್ನಷ್ಟು ದೂರ ಹೋದರೆ ನಾಶಿಕದ ಗಜಪಂಥಾ, ಅಲ್ಲಿಂದ ಮುಂದೆ ಮಾಂಗೀತುಂಗಿ. ಹೋಗುವುದು ಭೋಗಕ್ಕಲ್ಲ, ತೀರ್ಥವಂದನೆಗೆ. ಅದೂ ಅಲ್ಲದೆ ಮನೆಯನ್ನು ಬಿಟ್ಟು ಹೋಗುತ್ತಿಲ್ಲ, ಮನೆಯೊಳಗೇ ಕುಳಿತು ಹೋಗುವುದು. ಪೂರ್ವ ದಿಕ್ಕಿನಲ್ಲಿ ಮೇರೆಯ ತನಕ ಎಂದೂ ಹೋದದ್ದಿಲ್ಲ. ಅಲ್ಲಿ ಉಳಿದ ದೂರವನ್ನು ಪಶ್ಚಿಮಕ್ಕೆ ಸೇರಿಸಿಕೊಂಡರೆ ತಪ್ಪೇನು?

ಗೃಹಿಣಿಯ ಉತ್ತರ ಸರಳವಾದದ್ದು. ವ್ರತ ತೆಗೆದುಕೊಂಡ ದಿನ ಗುರುಗಳ ಮುಂದೆ ತೀರ್ಥಯಾತ್ರೆಗೆ ವಿನಾಯಿತಿ ಇಟ್ಟುಕೊಂಡಿದ್ದರೆ ಹೋಗಬಹುದು; ಆ ದಿನ ಇಡದ ವಿನಾಯಿತಿಯನ್ನು ಆಸೆ ಹುಟ್ಟಿದ ದಿನ ಇಡುವುದು ಹೇಗೆ? ಈ ಉತ್ತರದ ಹಿಂದೆ ಶಾಸ್ತ್ರವಿದೆ. ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಮೇಲಕ್ಕೆ, ಕೆಳಕ್ಕೆ, ಅಡ್ಡಲಾಗಿ ಮೇರೆ ಮೀರುವುದು ಮೂರು, ಕ್ಷೇತ್ರವೃದ್ಧಿ ನಾಲ್ಕನೆಯದು, ಇಟ್ಟುಕೊಂಡ ಮೇರೆಯನ್ನೇ ಮರೆಯುವ ಸ್ಮೃತ್ಯಂತರಾಧಾನ ಐದನೆಯದು. ಒಂದು ದಿಕ್ಕಿನ ಉಳಿತಾಯವನ್ನು ಇನ್ನೊಂದು ದಿಕ್ಕಿಗೆ ಜಮಾ ಮಾಡುವುದೇ ಕ್ಷೇತ್ರವೃದ್ಧಿ. ವ್ಯಾಪಾರದಲ್ಲಿ ಈ ಲೆಕ್ಕ ನಡೆದೀತು, ವ್ರತದಲ್ಲಿ ನಡೆಯದು. ಏಕೆಂದರೆ ವ್ರತವು ಅಳೆಯುವುದು ದಾರಿಯನ್ನಲ್ಲ, ಆಸೆಯನ್ನು. ಇನ್ನು ಮನೆಯೊಳಗೇ ಇರುವೆನೆಂಬ ವಾದ. ದೇಶವ್ರತದಲ್ಲಿ ಮನೆ, ಬೀದಿ, ಊರು ಇವುಗಳನ್ನು ಮೇರೆಯಾಗಿ ಹೇಳಿರುವುದು ಅವು ಕದಲದೆ ನಿಲ್ಲುತ್ತವೆಂಬ ಕಾರಣಕ್ಕೆ. ಕದಲುವ ವಸ್ತು ಮೇರೆಯಾಗಲಾರದು. ನೆರಳಿಗೆ ಬೇಲಿ ಹಾಕಿದವನು ನೆರಳಿನೊಡನೆ ಊರನ್ನೇ ಸುತ್ತಿಬರಬಹುದು. ಆದುದರಿಂದ ಗಾಲಿಯ ಮೇಲಿನ ಮನೆಯು ಶ್ರಾವಕನಿಗೆ ಪರಿಗ್ರಹವೇ ಹೊರತು ಕ್ಷೇತ್ರವಲ್ಲ. ಪರಿಗ್ರಹ ಪರಿಮಾಣದಲ್ಲಿ ಅದನ್ನು ಎಣಿಸಬೇಕು. ದಿಕ್ಕಿನ ಮೇರೆಯನ್ನು ಅದು ಒಂದು ಗೇಣೂ ವಿಸ್ತರಿಸದು. ದಂಪತಿಗಳು ಗಜಪಂಥೆಗೆ ಅಲ್ಲಿಂದಲೇ ಕೈಮುಗಿದು ಹಿಂದಿರುಗಿದರೆನ್ನೋಣ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಅದು ನೀರಿನದು.

ಮಾಂಜರಾ ನದಿ ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ, ಲಾತೂರು ಸೀಮೆಯನ್ನು ಹಾದು, ಬೀದರ ಜಿಲ್ಲೆಯ ನೆಲವನ್ನು ತೋಯಿಸಿ ಮುಂದೆ ಗೋದಾವರಿಯನ್ನು ಸೇರುತ್ತದೆ. ಹೆಸರಿಗೆ ನದಿಯ ಸೀಮೆಯಾದರೂ ಬೇಸಿಗೆಯಲ್ಲಿ ಇದು ಬಾಯಾರಿದ ನೆಲ. ಮೇಲೆ ಬಿರುಕುಬಿಟ್ಟ ಕರಿಮಣ್ಣು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಬಿದ್ದ ಮಳೆಯಲ್ಲಿ ನೆಲದೊಳಗೆ ಉಳಿಯುವುದು ಕೊಂಚ. 1972ರ ಬರವನ್ನು ಕಂಡ ಹಿರಿಯರು ಈ ಕಡೆ ಇನ್ನೂ ಇದ್ದಾರೆ. 2016ರಲ್ಲಿ ಮಾಂಜರಾ ಜಲಾಶಯ ಬತ್ತಿಹೋಗಿ, ಲಾತೂರಿನ ನೀರಿನ ತಾಣಗಳ ಬಳಿ ಜನ ಗುಂಪುಗೂಡದಂತೆ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಆ ವರ್ಷದ ಏಪ್ರಿಲಿನಲ್ಲಿ ಮೀರಜದಿಂದ ಹೊರಟ ರೈಲೊಂದು ಸುಮಾರು 5 ಲಕ್ಷ ಲೀಟರ್ ನೀರನ್ನು ಆ ಪಟ್ಟಣಕ್ಕೆ ಹೊತ್ತು ತಂದಿತು. ಇಂತಹ ಸೀಮೆಯಲ್ಲಿ ವ್ರತಿಯ ನೀರಿನ ನಿಯಮ ಹೇಗೆ ನಡೆಯಬೇಕು?

ನಿಯಮ ಎಲ್ಲರಿಗೂ ತಿಳಿದದ್ದೇ. ದಪ್ಪನೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರನ್ನು ಸೋಸಬೇಕು. ಸೋಸಿದ ನೀರಿಗೆ ಮರ್ಯಾದೆ ಎರಡು ಘಳಿಗೆ, ಅಂದರೆ 48 ನಿಮಿಷ. ಲವಂಗಾದಿಗಳಿಂದ ಪ್ರಾಸುಕ ಮಾಡಿದರೆ ಎರಡು ಪ್ರಹರ. ಚೆನ್ನಾಗಿ ಕುದಿಸಿದರೆ ಎಂಟು ಪ್ರಹರ, ಅಂದರೆ 24 ಗಂಟೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ತೆಗೆದಿದೆಯೋ ಅದೇ ಬಾವಿಗೆ, ಕೊಡವನ್ನು ನೀರಿನ ಮಟ್ಟದವರೆಗೆ ಇಳಿಸಿ ಮೆಲ್ಲಗೆ ಮಗುಚಿ ಬಿಡಬೇಕು. ಇದೇ ಜೀವಾನಿಯ ವಿಧಿ. ಗಾಡಿಯ ತೊಟ್ಟಿಯಲ್ಲಿ ನೂರು ಲೀಟರ್ ತುಂಬಿಟ್ಟರೂ ವ್ರತಿಗೆ ಅದು ಕುಡಿಯುವ ನೀರಲ್ಲ. ಪ್ರತಿದಿನ ಒಂದು ತೆರೆದ ಬಾವಿ ಬೇಕು, ಆ ಬಾವಿಯ ಬಳಿ ನಿಲ್ಲುವಷ್ಟು ಬಿಡುವು ಬೇಕು. ಆಸ್ಟ್ರೇಲಿಯದ ಬಯಲಿನ ಪ್ರವಾಸಿಗೆ ತೊಟ್ಟಿ ತುಂಬಿದ್ದರೆ ದಾರಿಯ ಊರಿನ ಹಂಗಿಲ್ಲ. ವ್ರತಿಗೆ ದಾರಿಯ ಪ್ರತಿ ಊರಿನ ಹಂಗೂ ಉಂಟು.

ಹಿಂದಿರುಗುವ ದಾರಿಯಲ್ಲಿ, ಲಾತೂರು ದಾಟಿದ ಮೇಲೆ ಗಾಡಿಯ ಗಾಲಿ ಕೆಟ್ಟು ದಿನವೆಲ್ಲ ಕಳೆಯಿತೆನ್ನೋಣ. ಹಿಂದಿನ ಮಧ್ಯಾಹ್ನ ಕುದಿಸಿದ ನೀರಿನ ಮರ್ಯಾದೆ ಮೂರು ಗಂಟೆಗೆ ತೀರಿತು. ಹತ್ತಿರದ ಹಳ್ಳಿಯಲ್ಲಿ ಒಂದೇ ಬಾವಿ. ಅದರ ಸೆಲೆ ಬತ್ತಿದೆ. ಟ್ಯಾಂಕರಿನಲ್ಲಿ ತಂದ ನೀರನ್ನು ಅದಕ್ಕೇ ಸುರಿಯುತ್ತಾರೆ, ಊರಿನ ಹೆಂಗಸರು ಕೊಡಗಳನ್ನು ಸಾಲಾಗಿಟ್ಟು ಸೇದಿಕೊಳ್ಳುತ್ತಾರೆ. ಯಾತ್ರಿಕರೆಂದು ತಿಳಿದು, ಸಾಲಿನ ಮುಂದಿದ್ದ ಅಜ್ಜಿಯೊಬ್ಬಳು ತನ್ನ ಸರದಿಯನ್ನೇ ಬಿಟ್ಟುಕೊಡಲು ಮುಂದಾದಳು. ಗೃಹಸ್ಥನು ಕೊಡ ಹಿಡಿದು ಇಳಿದನು. ಗೃಹಿಣಿ ಕೇಳಿದಳು: “ನಾವು ಸೋಸಿ, ಜೀವಾನಿ ಇಳಿಸಿ ಮುಗಿಸುವ ತನಕ ಇವರೆಲ್ಲ ಕಾಯಬೇಕಲ್ಲ? ವ್ರತ ನಮ್ಮದು, ಕಾಯುವವರು ಇವರೇ?”

ಈ ಒಂದು ಮಾತಿನಲ್ಲಿ ವ್ರತದ ನ್ಯಾಯವೆಲ್ಲ ಅಡಗಿದೆ. ಕೊಟ್ಟದ್ದನ್ನು ತೆಗೆದುಕೊಂಡರೆ ಅದತ್ತಾದಾನದ ದೋಷವೇನೋ ಇಲ್ಲ. ಆದರೆ ಕೊಡುವವಳು ಅತಿಥಿಯ ಮುಖ ನೋಡಿ ಕೊಡುತ್ತಿದ್ದಾಳೆ. ತೆಗೆದುಕೊಳ್ಳುವವನು ಬಾವಿಯ ತಳವನ್ನು ನೋಡಬೇಕು. ತನ್ನ ನಿಯಮದ ಭಾರವನ್ನು ಪರರ ಹೆಗಲಿಗೆ ದಾಟಿಸುವವನು ನಿಯಮವನ್ನು ಪಾಲಿಸಿದಂತೆ ಕಾಣುತ್ತಾನೆ. ನಿಜವಾಗಿ ಪಾಲಿಸಿದವರು ಸಾಲಿನಲ್ಲಿ ನಿಂತವರು.

ಹಾಗಾದರೆ ನಿಯಮವನ್ನು ಸಡಿಲಿಸಿ ಅಂಗಡಿಯ ಬಾಟಲಿಯ ನೀರನ್ನು ಕೊಳ್ಳಬಹುದಲ್ಲವೆ ಎಂದು ಕೆಲವರು ಕೇಳುವರು. ಟ್ಯಾಂಕರಿನ ನೀರಿನ ಜೀವಿಗಳು ಹೇಗೂ ತಮ್ಮ ಮೂಲದಿಂದ ಹರಿದಾರಿಗಟ್ಟಲೆ ದೂರ ಬಂದವು. ಅವನ್ನು ಈ ಬಾವಿಗೆ ಬಿಟ್ಟರೇನು, ಬಿಡದಿದ್ದರೇನು ಎಂದು ವಾದಿಸುವವರೂ ಇರುವರು. ವಾದ ಚತುರವಾಗಿದೆ, ಆದರೆ ದಾರಿ ತಪ್ಪಿದೆ. ಆ ಜೀವಿಗಳನ್ನು ಮೊದಲು ಯಾರು ಎಲ್ಲಿಂದ ತಂದರೆಂಬ ಲೆಕ್ಕ ವ್ರತಿಯದಲ್ಲ. ತಾನು ಎಲ್ಲಿಂದ ತೆಗೆದೆನೋ ಅಲ್ಲಿಗೆ ಮುಟ್ಟಿಸುವುದಷ್ಟೇ ಅವನ ಹೊಣೆ. ಲೋಕದಲ್ಲಿ ಆದ ಹಿಂಸೆಯೆಲ್ಲ ತನ್ನ ಹಿಂಸೆಗೆ ನೆಪವಾಗುವುದಾದರೆ ಯಾವ ವ್ರತವೂ ಉಳಿಯದು.

ದಂಪತಿಗಳು ಸಾಲಿನ ಕೊನೆಯಲ್ಲಿ ನಿಂತರು. ಕೊನೆಯ ಕೊಡ ತುಂಬುವ ಹೊತ್ತಿಗೆ ಸೂರ್ಯಾಸ್ತವಾಗಿತ್ತು. ರಾತ್ರಿ ಆಹಾರಪಾನಗಳ ತ್ಯಾಗವಿರುವುದರಿಂದ ಆ ದಿನ ನೀರಿಲ್ಲವೆಂದಾಯಿತು. ದೀಪದ ಬೆಳಕಿಗೆ ಮುತ್ತಿ ಸಾಯುವ ಹುಳುಗಳನ್ನು ನೆನೆದು, ಇರುಳಿನಲ್ಲಿ ಗಾಡಿ ನಡೆಸುವುದಿಲ್ಲವೆಂದು ಹೊರಡುವಾಗಲೇ ನಿಶ್ಚಯಿಸಿದ್ದರು. ಮುನಿಗಳಂತೆ ನೆಲ ನೋಡಿ ಹೆಜ್ಜೆಯಿಡಲು ಗಾಡಿಗೆ ಬಾರದು, ಹಗಲಿಗೆ ಸೀಮಿತವಾಗಿರಲು ಮಾತ್ರ ಅದಕ್ಕೆ ಸಾಧ್ಯ. ಮನೆಯ ಬಾವಿಯಿಂದ ಸೋಸಿ ತುಂಬಿಕೊಂಡು, ಮೈ ಕೈ ತೊಳೆಯಲೆಂದು ಇಟ್ಟಿದ್ದ ತೊಟ್ಟಿಯ ನೀರನ್ನು ಹಳ್ಳಿಯ ದನಗಳ ಮುಂದೆ ಸುರಿದು, ಇಬ್ಬರೂ ಣಮೋಕಾರ ಮಂತ್ರವನ್ನು ಜಪಿಸಿ ಮಲಗಿದರು. ಬೆಳಿಗ್ಗೆ ಟ್ಯಾಂಕರು ಬಂದ ಮೇಲೆ ಒಂದು ತಂಬಿಗೆ ನೀರು ಸೇದಿ, ಸೋಸಿ, ಜೀವಾನಿ ಇಳಿಸಿ, ಕುದಿಸಿ ಪಾರಣೆ ಮಾಡಿದರು. ಸ್ನಾನಕ್ಕೆಂದು ಒಂದು ಹನಿಯನ್ನೂ ಕೇಳಲಿಲ್ಲ.

ಇದನ್ನು ಓದಿ ಬಾಯಾರಿಕೆಯೇ ಪುಣ್ಯವೆಂದು ಯಾರೂ ಭಾವಿಸಬಾರದು. ವ್ರತವು ಯಥಾಶಕ್ತಿಯಾದದ್ದು. ಜೊತೆಯಲ್ಲಿ ಹಸುಗೂಸೋ ರೋಗಿಯೋ ಇದ್ದಲ್ಲಿ ಆ ಅಜ್ಜಿಯ ಕೊಡದಿಂದ ಮೊದಲು ನೀರು ಕೇಳಿ ಪಡೆಯುವುದೇ ಧರ್ಮ. ಅಂತಹವರನ್ನು ಬಾಯಾರಿಸಿ ತನ್ನ ನಿಯಮವನ್ನು ಮೆರೆಸುವುದು ಹಿಂಸೆಯೇ ಸರಿ. ನೆರೆಹೊರೆಯವರು ಹೊಗಳಲೆಂದು ಸಹಿಸಿದ ಬಾಯಾರಿಕೆಯಿಂದ ಮಾನಕಷಾಯ ಬೆಳೆಯುವುದಲ್ಲದೆ ನಿರ್ಜರೆಯಾಗದು. ದಂಪತಿಗಳ ನಡೆ ಮೆಚ್ಚತಕ್ಕದ್ದಾದರೆ, ಅದು ಅವರು ನೀರು ಬಿಟ್ಟರೆಂದಲ್ಲ; ತಮ್ಮ ವ್ರತದ ಬೆಲೆಯನ್ನು ತಾವೇ ತೆತ್ತರೆಂದು.

ದಂಪತಿಗಳ ಪ್ರಯಾಣವೆಂದೊಡನೆ ಜೈನ ಮನೆಗಳಲ್ಲಿ ನೆನಪಾಗಬೇಕಾದ ಪುಣ್ಯಕಥೆಯೊಂದಿದೆ. ಮಾನ್ಯಖೇಟದ ಅಮೋಘವರ್ಷನಿಂದ ಪೂಜಿತರಾದ ಜಿನಸೇನಾಚಾರ್ಯರು ಅದನ್ನು ಸಂಸ್ಕೃತದಲ್ಲಿ ಹೇಳಿದರು. ಪಂಪನು 941ರಲ್ಲಿ ಕನ್ನಡಕ್ಕೆ ತಂದನು. ವಜ್ರಜಂಘನೂ ಶ್ರೀಮತಿಯೂ ಪುಂಡರೀಕಿಣೀ ನಗರಕ್ಕೆ ಹೋಗುವಾಗ ದಾರಿಯಲ್ಲಿ ಒಂದು ಸರೋವರದ ದಡದಲ್ಲಿ ಬೀಡುಬಿಟ್ಟರು. ಅಡವಿಯಲ್ಲಿ ದೊರೆತರೆ ಮಾತ್ರ ಆಹಾರವೆಂದು ನಿಯಮ ಹಿಡಿದ ಇಬ್ಬರು ಚಾರಣ ಮುನಿಗಳು ಅಲ್ಲಿಗೆ ಬಂದರು. ದಂಪತಿಗಳು ಭಕ್ತಿಯಿಂದ ಆಹಾರದಾನ ಮಾಡಿದರು. ಆ ಮುನಿಗಳು ತಮ್ಮ ಮಕ್ಕಳೇ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ದೂರದಲ್ಲಿ ನಿಂತು ನೋಡುತ್ತಿದ್ದ ಹುಲಿ, ಹಂದಿ, ಕೋತಿ, ಮುಂಗುಸಿಗಳು ಏನನ್ನೂ ಕೊಡದೆ, ಕೊಡುವುದನ್ನು ಕಂಡು ಸಂತೋಷಪಟ್ಟ ಮಾತ್ರಕ್ಕೆ ಭೋಗಭೂಮಿಯಲ್ಲಿ ಹುಟ್ಟಿದವು. ವಜ್ರಜಂಘನು ಮುಂದೆ ಆದಿನಾಥನಾದನು, ಶ್ರೀಮತಿಯು ಶ್ರೇಯಾಂಸನಾದಳು. ದೀರ್ಘ ಉಪವಾಸದಲ್ಲಿದ್ದ ಭಗವಂತನಿಗೆ ಆಹಾರ ಕೊಡುವ ವಿಧಿ ಯಾರಿಗೂ ತಿಳಿಯದಿದ್ದಾಗ, ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ನೆನಪಾದದ್ದು ಆ ದಾರಿಯ ಬೀಡಿನ ದಾನವೇ. ಅಂದು ಅವನು ಕೊಟ್ಟ ಕಬ್ಬಿನ ರಸದಿಂದ ವೈಶಾಖ ಶುಕ್ಲ ತದಿಗೆಯು ಅಕ್ಷಯ ತೃತೀಯೆಯಾಯಿತು.

ಅರಸು ದಂಪತಿಗಳ ಆ ಪ್ರಯಾಣದಲ್ಲಿ ರಥ, ಗುಡಾರ, ಪರಿವಾರ ಎಲ್ಲವೂ ಇದ್ದವು. ಅವುಗಳಲ್ಲಿ ಯಾವುದೂ ಜನ್ಮಾಂತರದ ತನಕ ಬರಲಿಲ್ಲ. ದಾರಿಯಲ್ಲಿ ನಿಂತು ಕೊಟ್ಟ ಒಂದು ಹೊತ್ತಿನ ಅನ್ನವೊಂದು ಬಂದಿತು. ಇಂದಿನ ಗಾಡಿ ಎಷ್ಟೇ ಸೌಕರ್ಯದ್ದಾದರೂ ಈ ಮಾತು ಬದಲಾಗದು. ಹಳ್ಳಿಯ ಅಜ್ಜಿ ತನ್ನ ಸರದಿಯನ್ನು ಬಿಟ್ಟುಕೊಡಲು ಬಂದಾಗ ಅತಿಥಿಸಂವಿಭಾಗದ ಅರ್ಥ ಅವಳಿಗೆ ಗೊತ್ತಿತ್ತು; ಆ ವ್ರತದ ಹೆಸರು ಮಾತ್ರ ಗೊತ್ತಿರಲಿಲ್ಲ. ಹೆಸರು ಬಲ್ಲ ಶ್ರಾವಕರು ಅರ್ಥದಲ್ಲಿ ಅವಳಿಗಿಂತ ಹಿಂದೆ ಬೀಳಬಾರದು.

ಬೇಸಿಗೆಯ ರಜೆಯಲ್ಲಿ ಯಾತ್ರೆಗೆ ಹೊರಡುವ ಶ್ರಾವಕ ಶ್ರಾವಿಕೆಯರು ಸಾಮಾನುಗಳ ಪಟ್ಟಿ ಮಾಡುವ ಮೊದಲು ಮೂರು ವಿಷಯಗಳನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು: ಎಲ್ಲಿಯ ತನಕ ಹೋಗುವುದು, ಸೂರ್ಯ ಮುಳುಗುವಾಗ ಎಲ್ಲಿ ನಿಲ್ಲುವುದು, ಯಾರ ನೀರಿನಲ್ಲಿ ಎಷ್ಟು ತೆಗೆದುಕೊಳ್ಳುವುದು. ಐದು ದಿನದ ಮರ್ಯಾದೆಯುಳ್ಳ ಹಿಟ್ಟು, ಒಂದು ಸೋಸುವ ಬಟ್ಟೆ, ಬಾವಿಗೆ ಇಳಿಸಲು ಒಂದು ಹಗ್ಗ, ಇವಿಷ್ಟು ಗಾಡಿಯಲ್ಲಿದ್ದರೆ ದಾರಿಗೆ ಸಾಕು. ಮೇರೆಯು ಗಾಡಿಯಲ್ಲಿ ಇರುವುದಿಲ್ಲ. ಅದನ್ನು ಮನಸ್ಸಿನಲ್ಲಿಯೇ ಹೊತ್ತು ನಡೆಯಬೇಕು.